ಬಾಗಿಲಿಗೆ ಸ್ವೆಟರ್

ಸುಶೀಲಾ ಚೀಲದಿಂದ ಉಣ್ಣೆಯ ತೋರಣ ತೆಗೆದು, ದಿಲ್ಲಿಯ ಕಿದ್ವಾಯಿ ನಗರದ ತಮ್ಮನ ಕ್ವಾರ್ಟರ್ಸಿನ ಬಾಗಿಲಿಗೆ ಹಿಡಿದು ತೋರಿಸಿದಾಗ ವಾಸಂತಿಯ ಮೈ ಉರಿದುಹೋಯಿತು. ತೋರಣದ ತುಂಬ ಗಿಳಿಗಳು. ಕೆಲವು ತಿಳಿಹಸಿರು, ಕೆಲವು ಒಂದಿಷ್ಟು ಗಾಢ. ಆ ಎರಡು ಹಸಿರನ್ನು ಅವಳು ಕತ್ತಲಲ್ಲಿಯೂ ಗುರುತಿಸಬಲ್ಲಳು. ಗಂಡನ ಅಕ್ಕನಿಗೆಂದು ಸ್ವೆಟರ್ ಹೆಣೆಯುವಾಗ ಉಣ್ಣೆ ಸಾಲದೆ, ಮಾರ್ಕೆಟ್ಟೆಲ್ಲ ಸುತ್ತಿದರೂ ಅದೇ ಬಣ್ಣ ಸಿಗದೆ, ಎಡತೋಳನ್ನು ಗಾಢ ಹಸಿರಿನಲ್ಲಿ ಮುಗಿಸಿದವಳು ಅವಳೇ.

"ಹೆಂಗದ? ಎಲ್ಲಾ ನಾನೇ ಮಾಡೀನಿ," ಎಂದರು ಸುಶೀಲಾ. ಮಂಜಿನಲ್ಲಿ ತಡವಾಗಿ ಬಂದ ರೈಲಿನಿಂದ ಈಗಷ್ಟೇ ಇಳಿದು ಬಂದಿದ್ದರು. ಮೈಮೇಲೆ ತೆಳುವಾದ ಶಾಲು, ಹಲ್ಲು ಕಟಕಟ.

"ಚೆನ್ನಾಗಿದೆ. ಅಕ್ಕಾ, ನಾನು ಹೆಣೆದು ಕಳಿಸಿದ್ದ ಸ್ವೆಟರ್ ಎಲ್ಲಿ? ದಿಲ್ಲಿ ಚಳಿಗೆ ತಂದಿರಬೇಕಲ್ಲ?"

ಸುಶೀಲಾ ತಮ್ಮನ ಮುಖ ನೋಡಿದರು. ಗುರುರಾಜನಿಗೆ ಇದ್ದಕ್ಕಿದ್ದಂತೆ ಟ್ರಂಕಿನ ಬೀಗದಲ್ಲಿ ಏನೋ ಕೆಲಸ ಕಾಣಿಸಿತು.

"ಅದು... ಇದೇ ನೋಡವಾ," ಎಂದರು ಸುಶೀಲಾ. "ನಮ್ಮ ರಾಯಚೂರಾಗ ಸ್ವೆಟರ್ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ? ಸಂಕ್ರಾಂತಿಗೂ ಫ್ಯಾನ್ ಹಚ್ಚಿ ಮಲಗೋ ಮಂದಿ ನಾವು. ಪೆಟ್ಟಿಗ್ಯಾಗ ಇಟ್ರ ನುಸಿ ತಿಂತದ. ಉಣ್ಣಿ ಛಲೋ ಇತ್ತು, ಹಾಳಾಗಬಾರದಂತ ಬಿಚ್ಚಿದೆ."

"ಮತ್ತೆ ಫೋನ್ ಮಾಡಿದಾಗೆಲ್ಲ ದಿನಾ ಹಾಕ್ಕೋತೀನಿ ಅಂತಿದ್ರಿ?"

"ನಿನ್ನ ಮನಸ್ಸು ನೋಯಬಾರದು ಅಂತ ಅಂದೆ."

ನೋಯಬಾರದಂತೆ! ವಾಸಂತಿ ಹುಟ್ಟಿ ಬೆಳೆದದ್ದೆಲ್ಲ ಸರಕಾರಿ ನೌಕರಿಯಲ್ಲಿದ್ದ ಅಪ್ಪನ ಜೊತೆ ದಿಲ್ಲಿಯಲ್ಲೇ. ಮದುವೆಯಾಗಿ ರಾಯಚೂರಿನ ಮನೆ ಹೊಕ್ಕ ದಿನವೇ ಅಡುಗೆಮನೆಯಿಂದ ಒಂದು ಮಾತು ಕೇಳಿಬಂದಿತ್ತು: ದಿಲ್ಲಿ ಹುಡುಗಿ, ಕೈಕೆಲಸ ಏನು ಬಂದೀತು? ಆ ಮಾತಿಗೆ ಅವಳು ಕೊಟ್ಟ ಉತ್ತರ ಆ ಸ್ವೆಟರ್. ಪಕ್ಕದ ಪಂಜಾಬಿ ಆಂಟಿಯ ಹತ್ತಿರ ಕಲಿತು, ಕಾಲನಿಯ ಪಾರ್ಕಿನ ಬಿಸಿಲಲ್ಲಿ ಚಾಪೆ ಹಾಸಿ ಕೂತು, ಫೋನಿನಲ್ಲಿ ಕೇಳಿದ ಅಳತೆ ತಪ್ಪಿ ಬೆನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಹೆಣೆದಿದ್ದಳು. ದಿಲ್ಲಿಯಲ್ಲಿ ಪ್ರೀತಿ ಎಂದರೆ ಉಣ್ಣೆ. ರಾಯಚೂರಿನಲ್ಲಿ ಅದು ಬೇಯಿಸುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ, ಹೇಳಬೇಕಾದವರು ಹೇಳಲೂ ಇಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಗುರುರಾಜ ತೋರಣವನ್ನು ತೆಗೆದು ಬಾಗಿಲ ಮೊಳೆಗೆ ಸಿಕ್ಕಿಸಿ, "ಬಾಗಿಲಿಗೆ ಎಷ್ಟು ಲಕ್ಷಣ ಬಂತು ನೋಡು!" ಎಂದ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

"ಬರದೆ ಇರುತ್ತಾ? ಹಾಕ್ಕೋಬೇಕಾದವರು ಗಡಗಡ ನಡುಗ್ತಾ ನಿಂತಿದಾರೆ, ಬಾಗಿಲು ಸ್ವೆಟರ್ ಹಾಕ್ಕೊಂಡಿದೆ. ಚಲೋ, ಬಾಗಿಲಿಗಾದ್ರೂ ನೆಗಡಿ ಆಗೋದಿಲ್ಲ!"

"ತಪ್ಪಾತವಾ," ಎಂದು ಸುಶೀಲಾ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುರ್ಚಿಯಲ್ಲಿ ಮುದುಡಿದರು.

ವಾಸಂತಿ ಅಷ್ಟಕ್ಕೆ ಬಿಡಲಿಲ್ಲ. "ಬೇರೆ ಯಾರಾದ್ರೂ ಬಿಚ್ಚಿದ್ರೆ ಸುಮ್ಮನಿರ್ತಿದ್ದೆ ಅಕ್ಕಾ. ನೀವು ಸೂಜಿ ಹಿಡಿದವರು. ಕೈಯಲ್ಲಿ ಮಾಡಿದ್ದರ ಬೆಲೆ ನಿಮಗೇ ಗೊತ್ತಿಲ್ಲ ಅಂದ್ರೆ?"

ಅತ್ತೆಯ ಹಲ್ಲು ಕಟಕಟಿಸುವುದನ್ನೇ ನೋಡುತ್ತಿದ್ದ ಮಗಳು ಪ್ರಕೃತಿಗೆ ತಡೆಯಲಾಗಲಿಲ್ಲ. "ಮಮ್ಮಿ, ಅತ್ಯಾಗೆ ಬಹುತ್ ಠಂಡ್ ಆಗ್ತಿದೆ. ಅವರೇ ಕಳಿಸಿದ್ರಲ್ಲ, ಆ ಕೌದಿ ಕೊಡ್ಲಾ? ವೋ... ಕೂಲರ್ ಮೇಲೆ ಇದೆಯಲ್ಲ?"

ಸುಶೀಲಾ ಎದ್ದು ಬಾಲ್ಕನಿಗೆ ನಡೆದರು. ಬೇಸಿಗೆ ಬರುವವರೆಗೆ ಧೂಳು ಕೂರದಿರಲೆಂದು ಕೂಲರಿಗೆ ಕೌದಿ ಹೊದಿಸಿ, ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿತ್ತು. ಮೇಲೆ ಕೂತಿದ್ದ ಪಾರಿವಾಳಗಳು ಪಟಪಟ ಹಾರಿದವು. ತಾಯಿ ತೀರಿಕೊಂಡ ವರ್ಷ, ಅವರು ಉಟ್ಟ ಸೀರೆಗಳನ್ನೆಲ್ಲ ಕೂಡಿಸಿ ಸುಶೀಲಾ ಹೊಲಿದ ಕೌದಿ ಅದು. ನಟ್ಟನಡುವೆ ಇಳಕಲ್ ಸೀರೆಯ ಕೆಂಪು ಸೆರಗು. ಆ ಕೆಂಪಿನ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಬೆಳ್ಳಗಾಗಿತ್ತು.

"ಗುರು, ಇದು ಅವ್ವಂದು," ಎಂದರು ಸುಶೀಲಾ. ಗುರುರಾಜ ತಲೆ ತಗ್ಗಿಸಿದ. ಹಗ್ಗ ಕಟ್ಟಿದ ಕೈ ಅವನದೇ.

"ಅದು ತುಂಬಾ ಭಾರ ಅಕ್ಕಾ..." ವಾಸಂತಿಯ ದನಿ ಇಳಿದಿತ್ತು. "ಮಷೀನಿಗೆ ಹಾಕೋಕೂ ಬರೋದಿಲ್ಲ. ಇಲ್ಲಿ ಎಲ್ಲರಿಗೂ ಹತ್ತಿ ತುಂಬಿದ ರಜಾಯಿ ಇದೆ, ಹಾಗಾಗಿ..."

"ಫೋನಿನ್ಯಾಗ ದಿನಾ ಹೊದ್ಕೋತೀವಿ ಅಂದಿದ್ದಿ."

"ನಿಮ್ಮ ಮನಸ್ಸು..." ಎಂದ ವಾಸಂತಿ ಅಲ್ಲಿಗೇ ನಿಲ್ಲಿಸಿದಳು.

ಸುಶೀಲಾ ಹಗ್ಗ ಬಿಚ್ಚಿದರು. ಕೌದಿಯನ್ನು ಕೊಡವಿ, ಎರಡೂ ಕೈಯಲ್ಲಿ ಎತ್ತಿ ತಂದು ವಾಸಂತಿಯ ತೋಳಿನ ಮೇಲೆ ಹಾಕಿದರು. ಆಮೇಲೆ ಬಾಗಿಲಿಗೆ ಹೋಗಿ ತೋರಣವನ್ನು ಮೊಳೆಯಿಂದ ಕಿತ್ತು, ಕಿವಿ ಮುಚ್ಚುವ ಹಾಗೆ ಕುತ್ತಿಗೆಗೆ ಸುತ್ತಿಕೊಂಡರು. ಎರಡು ಬಣ್ಣದ ಗಿಳಿಗಳು ಅವರ ಎದೆಯ ಮೇಲೆ ತೂಗಾಡಿದವು.

"ನಿನ್ನ ಸ್ವೆಟರ್ ನಾ ಹಾಕ್ಕೊಂಡೆ ನೋಡವಾ," ಎಂದರು. "ಈಗ ನಮ್ಮವ್ವನ್ನ ನೀ ಹೊದ್ಕೋ."