ಐದನೇ ನಿಂಬೆಹಣ್ಣು

ಕಾರಿನ ಚಕ್ರದಡಿ ನಿಂಬೆಹಣ್ಣು ಒಡೆದ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ಕಾರಲ್ಲ, ತುಕ್ಕು ಹಿಡಿದ ಒಂದು ಹಡಗು.

ನಾವು ಹ್ಯೂಸ್ಟನ್ನಿಗೆ ಬಂದ ಮೊದಲ ವರ್ಷದ ಆಯುಧಪೂಜೆ. ನನಗೆ ಏಳು ವರ್ಷ. ಬೆಳಿಗ್ಗೆ ಅಪ್ಪ ನಾಲ್ಕು ನಿಂಬೆಹಣ್ಣುಗಳ ಮೇಲೆ ಕಾರು ಹತ್ತಿಸಿ ಆಫೀಸಿಗೆ ಹೋಗಿದ್ದರು. ಅಮ್ಮನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನಾನು ಸ್ಕೂಲಿನಿಂದ ಬಂದೊಡನೆ, ಉಳಿದಿದ್ದ ಐದನೇ ಹಣ್ಣು, ಕುಂಕುಮ, ಒಂದು ಸೇವಂತಿಗೆಯನ್ನು ಕವರಿಗೆ ಹಾಕಿಕೊಂಡು, "ಬಾ, ಹಡಗು ನೋಡ್ಕೊಂಡ್ ಬರೋಣ" ಅಂದಳು. ನಾವಿಬ್ಬರು ನಡೆದು ಹೋಗಬಹುದಾಗಿದ್ದ ಜಾಗ ಅದೊಂದೇ.

ಮನೆಯ ಹಿಂದಿನ ನದಿಯ ದಡದಲ್ಲಿ ಫುಟ್‌ಪಾತ್ ಇರಲಿಲ್ಲ. ಒರಟು ಹುಲ್ಲು ತುಳಿಯುತ್ತ ಹೋದೆವು. ಎದುರಿಗೆ ಒಬ್ಬರೂ ಸಿಗಲಿಲ್ಲ. ಮೇಲೆ ಸೇತುವೆಯ ಮೇಲೆ ಕಾರುಗಳ ಸದ್ದು ಮಾತ್ರ. ಯಾರೋ ಬಿಟ್ಟುಹೋದ ಮೂರು ಸಣ್ಣ ಹಡಗುಗಳು ಕೆಸರಿನಲ್ಲಿ ವಾಲಿಕೊಂಡಿದ್ದವು.

ಹತ್ತಿರದ್ದರ ಮೈಯನ್ನು ಅಮ್ಮ ಸವರಿದಳು. ತುಕ್ಕು ಹಪ್ಪಳದ ಚೂರಿನಂತೆ ಉದುರಿತು. ಅಲ್ಲೇ ಕುಂಕುಮವಿಟ್ಟು, ಬಿರುಕಿಗೆ ಹೂ ಸಿಕ್ಕಿಸಿದಳು.

"ಅಮ್ಮಾ, ಇಟ್ ಡಸಂಟ್ ಈವನ್ ಮೂವ್," ಅಂದೆ.

"ಮೊದ್ಲು ಓಡಾಡ್ತಿತ್ತಲ್ಲ," ಅಂದಳು.

ನಿಂಬೆಹಣ್ಣು ಹಿಡಿದುಕೊಂಡು ಹಡಗಿನ ಅಡಿಗೆ ಬಗ್ಗಿ ನೋಡಿದಳು. ಹಡಗಿಗೆ ಚಕ್ರವೆಲ್ಲಿ? ಕೊನೆಗೆ ಹಣ್ಣನ್ನು ಗಟ್ಟಿ ನೆಲದ ಮೇಲಿಟ್ಟು, ಸೀರೆಯ ನೆರಿಗೆ ಚೂರು ಎತ್ತಿ, ಹವಾಯಿ ಚಪ್ಪಲಿ ಹಾಕಿದ ತನ್ನದೇ ಬಲಗಾಲಿನಿಂದ ಅದನ್ನು ಒತ್ತಿದಳು. ಹಣ್ಣು ಪಚಕ್ಕನೆ ಒಡೆಯಿತು.

"ಹ್ಞೂಂ, ನಡಿ," ಅಂದಳು.

ಮನೆಯವರೆಗೂ ಅವಳ ಬಲಗಾಲಿನ ನಿಂಬೆ ವಾಸನೆಯನ್ನು ಹಿಡಿದು ನಾನು ಹಿಂದೆ ಹಿಂದೆ ನಡೆದೆ.