ಜೇನಿನ ಗೋಡೆ

ಹಿಂದಿನ ವರ್ಷದ ಸಮೀಕ್ಷೆಯಲ್ಲಿ ಕಂಡಿದ್ದ ಕುಟುಕದ ಪುಟ್ಟ ನಸರಿ ಜೇನಿನ ಗೂಡುಗಳನ್ನು ಆಕೆ ಒಂದೊಂದಾಗಿ ಮತ್ತೆ ನೋಡಿಕೊಂಡು ಬಂದಿದ್ದಳು. ಎಲ್ಲವೂ ಖಾಲಿ. ನೋಡಲು ಉಳಿದದ್ದು ಶಾಲೆಯೊಂದರ ಹಿಂಬದಿ ಗೋಡೆ ಮಾತ್ರ. ಹೋದ ವರ್ಷ ಅದರ ಬಿರುಕಿನೊಳಗೆ ಗೂಡಿತ್ತು. ಹೊರಗೆ ಬೆರಳುದ್ದದ ಮೇಣದ ಕೊಳವೆ, ಅದರ ಬಾಯಲ್ಲಿ ಎಳ್ಳಿನಂಥ ಕಪ್ಪು ನೊಣಗಳು. ಇಲ್ಲೂ ಇಲ್ಲವಾದರೆ ಈ ತಾಲ್ಲೂಕಿನಲ್ಲಿ ನಸರಿ ಇಲ್ಲವೆಂದೇ ಬರೆಯಬೇಕಿತ್ತು.

ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರು ಗೇಟಿನಲ್ಲೇ ಕಾದಿದ್ದರು.

"ಜೇನಿನ ವಿಷಯಕ್ಕೆ ಹಿಂದಿನ ಗೋಡೆ ನೋಡ್ಬೇಕು ಅಂತ ಫೋನ್ ಮಾಡಿದ್ರಲ್ಲ ಮೇಡಂ, ನಾವು ಸುಮ್ನೆ ಇರ್ತೀವಾ? ಬನ್ನಿ."

ಗೋಡೆಯ ತುಂಬ ಹಳದಿ ಬಣ್ಣದ ದೊಡ್ಡ ಜೇನುನೊಣ ರೆಕ್ಕೆ ಬಿಚ್ಚಿತ್ತು. ಕೆಳಗೆ 'ಜೇನು ಉಳಿಸಿ' ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

"ಇಲ್ಲೊಂದು ಬಿರುಕಿತ್ತು," ಎಂದಳು ಆಕೆ.

"ಒಂದಾ? ಬೇಕಾದಷ್ಟಿದ್ವು. ಮೊನ್ನೆ ಎಲ್ಲಕ್ಕೂ ಸಿಮೆಂಟ್ ಮೆತ್ತಿಸಿ, ನಿನ್ನೆ ಚಿತ್ರ ಬರೆಸಿದ್ವಿ. ನಮ್ಮ ಡ್ರಾಯಿಂಗ್ ಮೇಷ್ಟ್ರು ಊಟಕ್ಕೂ ಏಣಿಯಿಂದ ಇಳಿಲಿಲ್ಲ."

"ಚೆನ್ನಾಗಿದೆ," ಎಂದಳು.

ಹೆಡ್‌ಮಾಸ್ಟರು ಗೋಡೆಯ ಹತ್ತಿರ ಹೋದರು. ಮೊದಲು ಬಿರುಕಿದ್ದ ಕಡೆ, ಬಣ್ಣದ ರೆಕ್ಕೆಯ ಮೇಲೆ, ಎಳ್ಳಿನಂಥ ಕಪ್ಪು ಚುಕ್ಕೆಗಳು ಒಂದೇ ಕಡೆ ಮುತ್ತಿಕೊಂಡಿದ್ದವು.

"ಹೆಂಗೆ ಬರೆದಿದಾರೆ ನೋಡಿ ಮೇಡಂ," ಎಂದರು. "ನಿಜವಾದ ನೊಣಗಳೇ ಬಂದು ಕೂತಿವೆ. ಬೆಳಗ್ಗೆಯಿಂದ ಎಷ್ಟು ಓಡಿಸಿದ್ರೂ ಹೋಗ್ತಾನೇ ಇಲ್ಲ."