ಬೆಂಚಿನ ಆ ತುದಿ

ಪಿರ್ಕಾ ಗುಂಡಿ ಒತ್ತಿದ. ಗೇಮಿನ ಪರದೆಯಲ್ಲಿ, ಹಬೆಸ್ನಾನದ ಕೋಣೆಯ ಬೆಂಚಿನ ಮೇಲಿದ್ದ ಇಲ್ಮಾ ಗಂಡನಿಂದ ಒಂದು ಗೇಣು ಆಚೆ ಸರಿದು ಕೂತಳು. ಇನ್ನೂ ಜೋರಾಗಿ ಒತ್ತಿದ. ಅವಳು ಮತ್ತಷ್ಟು ಸರಿದು, ಮುಖವನ್ನೇ ಕೆರೆಯ ಕಡೆಗೆ ತಿರುಗಿಸಿಬಿಟ್ಟಳು.

"ಏನಮ್ಮಾ ಇದು, ಸೈಮಿ? ಗಂಡ ಹಡಗು ಇಳಿದು ಎಷ್ಟೋ ವರ್ಷಕ್ಕೆ ಮನೆಗೆ ಬಂದಿದಾನೆ. ಇವಳು ನೋಡಿದ್ರೆ ನನ್ನ ಹೆಂಡ್ತಿ ಥರಾನೇ ಮುಖ ತಿರುಗಿಸ್ತಾಳಲ್ಲ!"

ಸೈಮಿ ಹಿಂದೆಯೇ ನಿಂತಿದ್ದಳು. ಆ ದೃಶ್ಯ ಕಟ್ಟಿದವಳು ಅವಳೇ. ಆದರೆ ಪರೀಕ್ಷೆ ನಡೆಯುವಾಗ ಕಟ್ಟಿದವರು ಒಂದು ಸುಳಿವನ್ನೂ ಕೊಡಕೂಡದು ಎಂಬುದು ತಾಂಪೆರೆ ಊರಿನ ಆ ಗೇಮ್ ಕಂಪನಿಯ ಕಟ್ಟುನಿಟ್ಟು. ಪರೀಕ್ಷಿಸುವ ಪಿರ್ಕಾನ ಬಾಯಿಗೆ ಅಲ್ಲಿ ಹೆದರದವರಿಲ್ಲ. ಅವನು ಕೆಟ್ಟಿದೆ ಎಂದರೆ ದೃಶ್ಯಕ್ಕೆ ಕತ್ತರಿ ಎಂದು ನಿರ್ದೇಶಕ ರೈಮೊ ಬೆಳಿಗ್ಗೆಯೇ ಹೇಳಿಯಾಗಿತ್ತು. "ಸೌನಾ ಕೋಣೆಯ ದೀಪ ಆರಿಸಿ ಹಬೆ ತುಂಬಿಸೋಣ, ಪರದೆ ಕತ್ತಲು ಮಾಡೋಣ, ಒಂದು ಹಕ್ಕಿ ಕೂಗಿಸೋಣ. ಜನಕ್ಕೆ ಅರ್ಥ ಆಗುತ್ತೆ ಬಿಡು." ನಮ್ಮ ಹಳೆಯ ಸಿನಿಮಾಗಳಲ್ಲಿ ಎರಡು ಹೂ ತಾಗಿಸುತ್ತಿದ್ದರಲ್ಲ, ಅದೇ ಉಪಾಯ.

ಸೈಮಿ ಮೊದಲೇ ಅಷ್ಟಕ್ಕೆ ಒಪ್ಪಿದ್ದರೆ ಎಷ್ಟೋ ಕಷ್ಟ ತಪ್ಪುತ್ತಿತ್ತು. ಇಲ್ಮಾ ಮೊದಲ ಸಲ ಗಂಡನನ್ನು ಅಪ್ಪಿಕೊಂಡಾಗ ಅವಳ ಬೆರಳುಗಳು ಬೆಣ್ಣೆಯೊಳಗೆ ಇಳಿದಂತೆ ಅವನ ಬೆನ್ನೊಳಗೆ ಇಳಿದಿದ್ದವು. ಇಡೀ ಕಚೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅದನ್ನು ತಿದ್ದಿದರೆ, ಮುತ್ತಿಡುವಾಗ ಮೂಗಿನೊಳಗೆ ಮೂಗು ಹೊಕ್ಕಿತು. ಅದನ್ನೂ ತಿದ್ದಿದಳು. ಎಲ್ಲ ಸರಿಹೋದ ಮೇಲೆ ಅವಳಿಗೆ ನಿಜವಾದ ತಪ್ಪು ಕಾಣಿಸಿತು: ಗುಂಡಿ ಒತ್ತಿದರೆ ಮುತ್ತು. "ಒತ್ತಿದ ತಕ್ಷಣ ಬರೋಕೆ ಇಲ್ಮಾ ಏನು ಲಿಫ್ಟಾ?" ಎಂದವಳೇ ಎಲ್ಲವನ್ನೂ ಕೆಡವಿ ಮತ್ತೆ ಕಟ್ಟಿದಳು. ಈಗ ಆಡುವವನು ಏನೇ ಒತ್ತಲಿ, ಇಲ್ಮಾ ದೂರ ಸರಿಯುತ್ತಾಳೆ. ಕೈಬಿಟ್ಟು ಸುಮ್ಮನೆ ಕೂತರೆ ಮಾತ್ರ, ತನಗೆ ಮನಸ್ಸಾದಾಗ, ಹತ್ತಿರ ಬರುತ್ತಾಳೆ. ಗೇಮ್ ಎಂದರೆ ಗುಂಡಿ ಒತ್ತುವುದೇ ಎಂದುಕೊಂಡ ಜನರ ಮುಂದೆ ಇಂಥದ್ದನ್ನು ಇಡಲು ಎಂಟೆದೆ ಬೇಕು. ಸೈಮಿಗೆ ಅದಿತ್ತು.

"ಮೂಲೇಲಿ 'ಕಾಯಿರಿ' ಅಂತಾನಾದ್ರೂ ಬರೆಯೇ," ಎಂದು ರೈಮೊ ಗೋಗರೆದಿದ್ದ.

"ಹೇಳಿ ಕಾಯಿಸಿದ್ರೆ ಅದೂ ಒಂದು ಗುಂಡಿನೇ," ಎಂದಿದ್ದಳು.

ಈಗ ಪಿರ್ಕಾ ಇದ್ದಬದ್ದ ಗುಂಡಿಗಳನ್ನೆಲ್ಲ ಒಟ್ಟಿಗೇ ಕುಟ್ಟುತ್ತಿದ್ದ. ಇಲ್ಮಾ ಬೆಂಚಿನ ಆ ತುದಿ ಮುಟ್ಟಿದ್ದಳು. ಇನ್ನು ಸರಿಯಲು ಜಾಗವಿಲ್ಲ. ಅವಳು ಎದ್ದು ಹೋದರೆ ದೃಶ್ಯ ಮುಗಿದಂತೆ. "ಹ್ಯಾಂಗ್ ಆಗಿದೆ ಕಣ್ರೀ ನಿಮ್ಮ ಗೇಮು," ಎಂದ ಪಿರ್ಕಾ. ರೈಮೊ ಸೈಮಿಯ ಕಡೆಗೆ ತಿರುಗಿ, ನಾನು ಹೇಳಿರಲಿಲ್ಲವೇ ಎಂಬಂತೆ ನೋಡಿದ. ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಕಾಫಿಯ ಹೊತ್ತಾಯಿತು. ಆಕಾಶ ಕಳಚಿ ಬಿದ್ದರೂ ಅಲ್ಲಿ ಕಾಫಿ ತಪ್ಪುವುದಿಲ್ಲ. ಅದು ಕೆಲಸಗಾರರ ಹಕ್ಕು. ಪಿರ್ಕಾ ಕಂಟ್ರೋಲರನ್ನು ಮೇಜಿನ ಮೇಲೆ ಎಸೆದು, ಲೋಟ ತುಂಬ ಕಾಫಿ ಬಗ್ಗಿಸಿಕೊಂಡ. ಏಲಕ್ಕಿ ಬನ್ನು ಮುರಿದು ಬಾಯಿಗೆ ಹಾಕಿಕೊಂಡ.

ಪರದೆಯಲ್ಲಿ ಬೆಂಚು ಕಿರ್ರೆಂದಿತು.

ಇಲ್ಮಾ ಗಂಡನ ಕಡೆಗೆ ತಿರುಗಿದ್ದಳು. ಒಂದು ಗೇಣು ಈಚೆ ಬಂದಳು. ನಿಂತಳು. ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ ಮತ್ತೊಂದು ಗೇಣು ಬಂದಳು. ಪಿರ್ಕಾನ ದವಡೆ ಅಗಿಯುವುದನ್ನು ನಿಲ್ಲಿಸಿತು. ಅವನ ಬಲಗೈ ಅಭ್ಯಾಸಬಲದಿಂದ ಕಂಟ್ರೋಲರಿನ ಕಡೆಗೆ ಹೊರಟು, ಅರ್ಧದಲ್ಲೇ ನಿಂತಿತು. ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ಇಲ್ಮಾ ಗಂಡನ ಭುಜಕ್ಕೆ ತಲೆಯಾನಿಸಿದಳು. ಅವಳ ಬೆರಳುಗಳು ಅವನ ಬೆನ್ನ ಮೇಲೆ ಹಗುರವಾಗಿ, ನಿಜವಾದ ಕೈಯಂತೆ ನಿಂತವು.

"ಓ, ಕೆಲಸ ಮಾಡುತ್ತೆ!" ಎಂದು ರೈಮೊ ಬಗ್ಗಿ ಕಂಟ್ರೋಲರಿಗೆ ಕೈಹಾಕಿದ. "ಸ್ವಲ್ಪ ಮುಂದಕ್ಕೆ ಓಡಿಸ್ತೀನಿ, ಇರು."

ಪಿರ್ಕಾ ಅವನ ಕೈಗೆ ಪಟ್ಟೆಂದು ಹೊಡೆದ.

"ಮುಟ್ಟಬೇಡ್ವೋ!" ಎಂದ ಪಿಸುದನಿಯಲ್ಲಿ. "ಎದ್ದು ಹೋಗಿಬಿಡ್ತಾಳೆ."